ಬೆಳಗ್ಗಿನ ಜಾವ 4:40ಕ್ಕೆ ಇಲ್ಲಿ ಯಾರೂ ಅಡಿಕೆ ತೂಗುವುದಿಲ್ಲ

ಸಪೋರ್ಟ್ ವಿಭಾಗದವರಿಗೆ,

ನಾಲ್ಕು ಸಲ ಫೋನ್ ಮಾಡಿದೆ, ಎರಡು ಟಿಕೆಟ್ ಹಾಕಿದೆ. ಎರಡನ್ನೂ ‘ಪರಿಹಾರವಾಗಿದೆ’ ಅಂತ ನೀವೇ ಮುಚ್ಚಿದಿರಿ. ಹಾಗಾಗಿ ಈ ಪತ್ರ. ಸಿಟ್ಟು ಮಾಡದೆ ಬರೆಯಬೇಕು ಅಂತ ಕೂತಿದ್ದೇನೆ, ನೋಡುವ.

ನಾನು ಬದಿಯಡ್ಕದಲ್ಲಿ ಕೂತು ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯ ಕೆಲವು ಅಡಿಕೆ ಅಂಗಡಿಗಳಿಗೆ ಬಿಲ್ಲಿಂಗ್ ಸರ್ವಿಸ್ ನಡೆಸುವವನು. ಗೋಣಿ ತೂಗಿದ ಕೂಡಲೇ ಲೆಕ್ಕ ನಿಮ್ಮ ಸರ್ವರಿಗೆ ಹೋಗಬೇಕು, ಬಿಲ್ಲು ವಾಪಸ್ ಬರಬೇಕು. ಕಳೆದ ಸೋಮವಾರ ಬೆಳಗ್ಗೆ 10:10ಕ್ಕೆ ಎಲ್ಲ ಕಡೆ 503, ಅಂದರೆ ‘ಸೇವೆ ಲಭ್ಯವಿಲ್ಲ’ ಅನ್ನುವ ಸರ್ವರಿನ ಉತ್ತರ. ಮಧ್ಯಾಹ್ನದವರೆಗೂ ಅದೇ. ಪೆರ್ಲದ ಅಂಗಡಿಯವರು ಕೊನೆಗೆ ಕ್ಯಾಲೆಂಡರ್ ಹಾಳೆ ಹರಿದು ಅದರ ಬೆನ್ನಿಗೆ ತೂಕ ಬರೆದುಕೊಂಡರು.

ನಿಮ್ಮವರಿಗೆ ಫೋನ್ ಮಾಡಿದಾಗ ಮೊದಲು ಸಿಕ್ಕಿದ ಸಲಹೆ, ರೂಟರ್ ಆಫ್ ಮಾಡಿ ಆನ್ ಮಾಡಿ. ನಿಮ್ಮ ಊರಿನ ನೆಟ್ ಸರಿ ಇಲ್ಲ ಸರ್ ಅಂದರು. ಮಾರಾಯ್ರೆ, ನೆಟ್ ಇಲ್ಲದಿದ್ದರೆ 503 ಅನ್ನುವ ಉತ್ತರವೇ ನನಗೆ ತಲುಪುತ್ತಿರಲಿಲ್ಲ, ಅಲ್ವಾ? ಲಾಗ್ ನೋಡಿ, ಸರ್ವರ್ ಬರೆದಿಡುವ ದಾಖಲೆ ಅಂದೆ. ಹತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಬಂದು, ‘10:10ಕ್ಕೆ ಒಂದು ಸಾಲೂ ಇಲ್ಲ ಸರ್, ಬೆಳಗ್ಗಿನ ಜಾವ 4:40ಕ್ಕೆ ಮಾತ್ರ ಎಂತದೋ ಎರರ್ ಇದೆ’ ಅಂದರು. ನಾನು ಬಾಯಿ ತೆರೆಯುವುದರೊಳಗೆ, ‘ಆ ಹೊತ್ತಿಗೆ ನಿಮ್ಮಲ್ಲಿ ಅಡಿಕೆ ತೂಗ್ತಾರಾ?’ ಅಂತ ಕೇಳಿದರು. ಹಿಂದಿನಿಂದ ಇನ್ನೊಬ್ಬರು ನಕ್ಕಿದ್ದೂ ಕೇಳಿಸಿತು. ನನ್ನ ಫೋನ್ ಸ್ಪೀಕರಿನಲ್ಲಿತ್ತು, ಎದುರಿಗೆ ಅಂಗಡಿಯ ಮಾಲೀಕರು ಕೂತಿದ್ದರು.

ನಿಮ್ಮ ಸರ್ವರಿನ ವೆಬ್ ತಂತ್ರಾಂಶ ಐಐಎಸ್ ಲಾಗಿನಲ್ಲಿ ಸಮಯ ಬರೆಯುವುದು ಯುಟಿಸಿಯಲ್ಲಿ, ಅಂದರೆ ನಮ್ಮ ಗಂಟೆಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. 4:40ಕ್ಕೆ ಐದೂವರೆ ಗಂಟೆ ಸೇರಿಸಿದರೆ 10:10. ಸರ್ವರ್ ನಡೆಸುವ ಕಂಪೆನಿಗೆ ಇದನ್ನು ಬದಿಯಡ್ಕದಿಂದ ಹೇಳಿಕೊಡಬೇಕಾ?

ಕೇಳಿದರೆ ಲಾಗ್ ಕೊಡುತ್ತೇವೆ ಅಂತ ನಿಮ್ಮ ಷರತ್ತಿನಲ್ಲೇ ಇದೆ, ಆದರೂ ಕೊಡಲು ಮೂರು ದಿನ ಹಿಡಿಯಿತು. ಎಚ್‌ಟಿಟಿಪಿ ಎರರ್ ಲಾಗಿನಲ್ಲಿ (ಇದು ಮಾಮೂಲಿ ಲಾಗ್ ಅಲ್ಲ, ಬೇರೆ ಫೈಲು) ಎಲ್ಲ ಸ್ಪಷ್ಟವಾಗಿದೆ. ಮೊದಲು ‘ಕನೆಕ್ಷನ್ ಅಬಾಂಡನ್ಡ್’ ಸಾಲುಗಳು, ಅಂದರೆ ನನ್ನ ಬಿಲ್ಲಿಂಗ್ ಓಡಿಸುವ ವರ್ಕರ್ ಪ್ರಾಸೆಸ್ ಕೆಲಸದ ನಡುವೆಯೇ ಸತ್ತಿದೆ. ಐದು ನಿಮಿಷದಲ್ಲಿ ಐದು ಸಲ ಸತ್ತರೆ ಐಐಎಸ್ ತಾನೇ ಆ ಪ್ರಾಸೆಸ್ ನಡೆಸುವ ಆ್ಯಪ್ ಪೂಲ್ ನಿಲ್ಲಿಸಿಬಿಡುತ್ತದೆ. ಅದರ ನಂತರದ್ದೆಲ್ಲ ‘ಆ್ಯಪ್ ಆಫ್‌ಲೈನ್’, ಪುಟಗಟ್ಟಲೆ. ಪೂಲ್ ನಿಂತಮೇಲೆ ಕೋರಿಕೆ ಪ್ರಾಸೆಸ್‌ವರೆಗೆ ಹೋಗುವುದೇ ಇಲ್ಲ, ಹಾಗಾಗಿ ಮಾಮೂಲಿ ಲಾಗಿನಲ್ಲಿ ಆ 503 ಸಿಗುವುದಿಲ್ಲ. ನಿಮ್ಮವರು ‘ಪರಿಹಾರವಾಗಿದೆ’ ಅಂತ ಟಿಕೆಟ್ ಮುಚ್ಚಿದ್ದು ಅದನ್ನು ನೋಡಿ ಇರಬೇಕು.

ಇನ್ನು ಟ್ರೇಸಿಂಗ್, ಅಂದರೆ ಒಂದು ಕೋರಿಕೆಗೆ ಸರ್ವರಿನೊಳಗೆ ಹೆಜ್ಜೆಹೆಜ್ಜೆಗೆ ಏನಾಯಿತು ಅಂತ ಬರೆದಿಡುವುದು. ಯಾವ ಕೋರಿಕೆಯಲ್ಲಿ ಸಿಕ್ಕಿಬೀಳುತ್ತಿದೆ ಅಂತ ತಿಳಿಯಲು, 500 (ಸರ್ವರಿನೊಳಗಿನ ತಪ್ಪು) ಬಂದರೆ ಅಥವಾ ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಟ್ರೇಸ್ ಬರೆಯಲಿ ಅಂತ ಮೊದಲ ಟಿಕೆಟಿನಲ್ಲೇ ಕೇಳಿದ್ದೆ. ‘ಮಾಡಿದೆವು’ ಅಂದಿರಿ. ಫೋಲ್ಡರ್ ತೆರೆದರೆ 50 ಫೈಲು, ಐವತ್ತೂ 404, ‘ಕೇಳಿದ್ದು ಸಿಗಲಿಲ್ಲ’ ಅನ್ನುವ ಉತ್ತರ. ಫೇವಿಕಾನ್ ಸಿಗಲಿಲ್ಲವಂತೆ! ನನ್ನ ಗಿರಾಕಿಗಳಿಗೆ ಬಿಲ್ಲು ಸಿಗಲಿಲ್ಲ, ನೀವು ಸಣ್ಣ ಚಿತ್ರವೊಂದನ್ನು ಐವತ್ತು ಸಲ ಹುಡುಕಿಸಿದ್ದೀರಿ. ಬಹಳ ಶ್ರದ್ಧೆ.

ಟ್ರೇಸ್ ನಿಯಮ ಸರಿ ಮಾಡಿ. ಪೂಲ್ ಯಾಕೆ ನಿಂತಿತು ಅಂತ ಈವೆಂಟ್ ಲಾಗ್ ಸಮೇತ ಬರವಣಿಗೆಯಲ್ಲಿ ಕೊಡಿ. ಆ ತಿಂಗಳ ಹಣ ವಾಪಸ್ ಕೊಡಿ. ಇಲ್ಲವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ, ಅಲ್ಲಿಂದ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ. ವ್ಯಾಪಾರಕ್ಕೆ ತಗೊಂಡ ಸೇವೆ ಅಂತ ಜಾರಿಕೊಳ್ಳಬೇಡಿ, ಇದು ನನ್ನ ಸ್ವಂತ ಹೊಟ್ಟೆಪಾಡು, ಹಾಗೆಂದೇ ಬರೆದು ಕೊಡುತ್ತೇನೆ. ನಿಮ್ಮ ಕರೆಯ ರೆಕಾರ್ಡಿಂಗ್ ಕೂಡ ಅಲ್ಲಿ ಕೇಳಿಸುತ್ತೇನೆ, ಆ ನಗು ಸಮೇತ.

ಶನಿವಾರ ಸಂಜೆ 5 ಗಂಟೆಯವರೆಗೆ ಕಾಯುತ್ತೇನೆ. ಯುಟಿಸಿ ಅಲ್ಲ, ನಮ್ಮ ಗಂಟೆ.

ಸದ್ಯಕ್ಕೆ ನಿಮ್ಮ ಗ್ರಾಹಕ,
ಬದಿಯಡ್ಕ