ಡೇರಿಗೊಂದು ಕೊಟ್ಟಿಗೆ ತಂಡ ಕೊಡಿ: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಬೆಳಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ರಾಜ್ಯದ ಲಕ್ಷಾಂತರ ಮನೆಗಳಲ್ಲಿ ನಮ್ಮದೂ ಒಂದು. ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನ ಎಷ್ಟೋ ಕೊಟ್ಟಿಗೆಗಳನ್ನು ಉಳಿಸಿದೆ. ಆ ಋಣ ಮರೆತಿಲ್ಲ. ದರ ಹೆಚ್ಚಿಸಿ ಎಂದು ಕೇಳುವ ಪತ್ರವೂ ಇದಲ್ಲ. ಹಾಲಿನ ಗುಣಮಟ್ಟ ಕೆಡುವುದು ಒಂದು ಕಡೆ, ನಾವು ಕಾವಲು ಕೂತಿರುವುದು ಇನ್ನೊಂದು ಕಡೆ ಎಂಬುದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ.

ಡೇರಿಯಲ್ಲಿ ನೋಡುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್. ಎಂದರೆ ಹಾಲಿನ ಕೊಬ್ಬು, ಮತ್ತು ಕೊಬ್ಬು ಬಿಟ್ಟು ಉಳಿದ ಘನಾಂಶ. ಬೆಲೆ ಕಟ್ಟಲು, ನೀರು ಬೆರೆಸಿದ್ದನ್ನು ಹಿಡಿಯಲು ಅವು ಬೇಕು. ಕೆಚ್ಚಲಿಗೆ ಸೋಂಕು ತಗಲುವ ರೋಗವಾದ ಕೆಚ್ಚಲು ಬಾವನ್ನು ಅವು ಹೇಳುವುದಿಲ್ಲ. ಅದರಲ್ಲೂ ಸುಪ್ತ ಕೆಚ್ಚಲು ಬಾವು ಹಿಡಿದ ಹಸು ಚೆನ್ನಾಗಿಯೇ ಮೇಯುತ್ತದೆ, ಕೆಚ್ಚಲು ಊದಿರುವುದಿಲ್ಲ, ಹಾಲೂ ಬೆಳ್ಳಗೇ ಇರುತ್ತದೆ. ಇಳುವರಿ ಮಾತ್ರ ದಿನದಿನಕ್ಕೆ ಇಳಿಯುತ್ತದೆ. ಮನೆಯವರು ಹಿಂಡಿಯನ್ನೋ ಬಿಸಿಲನ್ನೋ ದೂರುತ್ತಾರೆ.

ಇದನ್ನು ಕಂಡುಹಿಡಿಯುವುದು ಕಷ್ಟವೇನಲ್ಲ. ನಾಲ್ಕು ಬಟ್ಟಲುಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ, ಒಂದು ಬಾಟಲಿ ದ್ರಾವಣ ಸಾಕು. ಮೊದಲ ಒಂದೆರಡು ಧಾರೆಯನ್ನು ಚೆಲ್ಲಿ, ಒಂದೊಂದು ತೊಟ್ಟಿನ ಹಾಲನ್ನು ಒಂದೊಂದು ಬಟ್ಟಲಿಗೆ ಹಿಂಡಿ, ಅಷ್ಟೇ ದ್ರಾವಣ ಸೇರಿಸಿ ತಟ್ಟೆಯನ್ನು ಮೆಲ್ಲಗೆ ಸುತ್ತಿಸಬೇಕು. ರೋಗವಿಲ್ಲದ ತೊಟ್ಟಿನ ಹಾಲು ನೀರಾಗಿಯೇ ಹರಿದಾಡುತ್ತದೆ. ರೋಗ ತಗುಲಿದ್ದು ಕಣ್ಣೆದುರೇ ಗಂಜಿಯಂತೆ ಗಟ್ಟಿಯಾಗುತ್ತದೆ. ರೋಗ ತಗುಲಿದಾಗ ಹಾಲಿನಲ್ಲಿ ಹಸುವಿನ ದೇಹಕೋಶಗಳು ಹೆಚ್ಚುವುದೇ ಇದಕ್ಕೆ ಕಾರಣ. ಆರೋಗ್ಯವಂತ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಈ ಕೋಶಗಳು ಸಾಮಾನ್ಯವಾಗಿ 2 ಲಕ್ಷಕ್ಕಿಂತ ಕಡಿಮೆ. ಯುರೋಪ್ ಒಕ್ಕೂಟ ಹಸುವಿನ ಹಸಿ ಹಾಲಿಗೆ 4 ಲಕ್ಷದ ಮಿತಿ ಇಟ್ಟಿದೆ. ಇಲ್ಲಿ ಹಾಲು ಹಾಕುವ ಮಹಿಳೆಯರಲ್ಲಿ ಎಷ್ಟು ಮಂದಿಗೆ ತಮ್ಮ ಹಸುವಿನ ಈ ಲೆಕ್ಕವನ್ನು ಯಾರಾದರೂ ಹೇಳಿದ್ದಾರೆ?

ರೋಗ ಗೊತ್ತಾದ ಮೇಲೂ ಅದನ್ನು ಒಬ್ಬರೇ ನಿವಾರಿಸಲು ಆಗುವುದಿಲ್ಲ. ಹೆಬ್ಬೆರಳು ಮಡಚಿ ಎಳೆದು ಕರೆಯುವುದನ್ನು ಬಿಟ್ಟು ಮುಷ್ಟಿಯಲ್ಲಿ ಹಿಡಿದು ಕರೆಯಲು ಕಲಿಯಬೇಕಾದವರು ಮನೆಯ ಹೆಣ್ಣುಮಕ್ಕಳು. ಕರೆದ ಮೇಲೆ ತೊಟ್ಟಿನ ರಂಧ್ರ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಹಸು ಸಗಣಿಯ ಮೇಲೆ ಮಲಗದಂತೆ ಮುಂದೆ ಹುಲ್ಲು ಹಾಕಬೇಕಾದವರು ಕೊಟ್ಟಿಗೆ ನೋಡುವವರು. ತೊಟ್ಟು ಅದ್ದಲು ಅಯೋಡಿನ್ ದ್ರಾವಣ ತರಿಸಬೇಕಾದವರು ಡೇರಿ ಕಾರ್ಯದರ್ಶಿ. ಗಬ್ಬದ ಹಸುವಿನ ಹಾಲು ಬತ್ತಿಸುವಾಗ ಯಾವ ಔಷಧ ಎಂದು ಹೇಳಬೇಕಾದವರು ಪಶುವೈದ್ಯರು. ಇವರೆಲ್ಲ ಒಂದು ಕಡೆ ಕೂತು ಒಂದೇ ಹಸುವಿನ ಬಗ್ಗೆ ಮಾತನಾಡುವ ಏರ್ಪಾಡು ನಮ್ಮಲ್ಲಿಲ್ಲ. ಇಲಾಖೆಯ ವೈದ್ಯರು ಒಂದು ದಾರಿ, ಹಾಲು ಒಕ್ಕೂಟದ ವೈದ್ಯರು ಮತ್ತು ವಿಸ್ತರಣಾಧಿಕಾರಿಗಳು ಇನ್ನೊಂದು ದಾರಿ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2000ದ ದಶಕದ ಆರಂಭದಲ್ಲಿ ಅಲ್ಲಿನ ವಿಶ್ವವಿದ್ಯಾಲಯ ‘ಮಿಲ್ಕ್ ಮನಿ’ ಎಂಬ ಕಾರ್ಯಕ್ರಮ ನಡೆಸಿತು. ರೈತ, ಅವನ ಪಶುವೈದ್ಯ, ಹಾಲು ಕೊಳ್ಳುವ ಘಟಕದ ಪ್ರತಿನಿಧಿ ಮುಂತಾದವರು ತಂಡವಾಗಿ ತಿಂಗಳಿಗೊಮ್ಮೆ ಕೊಟ್ಟಿಗೆಯಲ್ಲೇ ಸೇರಿ, ಗುರಿ ಬರೆದಿಟ್ಟು, ಮುಂದಿನ ಸಲ ಲೆಕ್ಕ ನೋಡುತ್ತಿದ್ದರು. ಅಲ್ಲಿಯದು ದೊಡ್ಡ ಹಿಂಡು, ನಮ್ಮದು ಮನೆಗೆ ಎರಡು ಮೂರು ಹಸು. ಹಾಗಾಗಿ ನಮಗೆ ಮನೆಗೊಂದು ತಂಡ ಬೇಡ, ಡೇರಿಗೊಂದು ಸಾಕು. ಸಹಕಾರದ ನೆಲೆ ನಮ್ಮಲ್ಲಿ ಮೊದಲೇ ಇದೆ. ಈ ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೇವೆ ಎಂದೇ ನನ್ನ ನಂಬಿಕೆ.

ತಂಡ ಏಕೆ ಬೇಕೆಂಬುದಕ್ಕೆ ಔಷಧದ ಮಾತೊಂದೇ ಸಾಕು. ಆ್ಯಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದು. ಹಾಕಿದರೆ ಶೀತಲೀಕರಣ ತೊಟ್ಟಿಯಲ್ಲಿ ಅದು ಇಡೀ ಊರಿನ ಹಾಲಿಗೆ ಬೆರೆಯುತ್ತದೆ. ಕುದಿಸಿದರೂ ಆ ಅಂಶ ಪೂರ್ತಿ ಹೋಗುವುದಿಲ್ಲ. ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟುವುದಿಲ್ಲ. ಕ್ಷೀರಭಾಗ್ಯದ ಮೂಲಕ ಶಾಲೆಯ ಮಕ್ಕಳೂ ಕುಡಿಯುವುದು ಊರೂರಿನಿಂದ ಬಂದ ಹಾಲನ್ನೇ. ಆದರೆ ನಾಲ್ಕೈದು ದಿನದ ಹಾಲು ಚೆಲ್ಲಿದರೆ ಬಡವರ ಬಟವಾಡೆಗೆ ಕತ್ತರಿ ಬೀಳುತ್ತದೆ. ಆ ನಷ್ಟವನ್ನು ಅವರೊಬ್ಬರ ತಲೆಗೆ ಕಟ್ಟಿ ಪ್ರಾಮಾಣಿಕತೆ ಬೋಧಿಸುವುದು ಅನ್ಯಾಯ.

ಆದ್ದರಿಂದ ಪ್ರತಿ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ ಒಂದು ತಾಲ್ಲೂಕನ್ನಾದರೂ ಆರಿಸಿ, ಒಂದು ವರ್ಷ ಡೇರಿಗೊಂದು ತಂಡದ ಈ ಏರ್ಪಾಡನ್ನು ನಡೆಸಿ ನೋಡಿ. ಪ್ರತಿ ಕರೆಯುವ ಹಸುವಿಗೂ ತಿಂಗಳಿಗೊಮ್ಮೆ ತಟ್ಟೆ ಪರೀಕ್ಷೆ ಆಗಲಿ. ಊರಲ್ಲಿ ದನಕರುಗಳ ಆರೈಕೆಗೆ ನೆರವಾಗುವ ಪಶುಸಖಿಯರಿಗೆ ತರಬೇತಿ ಕೊಟ್ಟರೆ ಅವರೇ ಮಾಡಬಲ್ಲರು. ಇಲಾಖೆಗೂ ಒಕ್ಕೂಟಕ್ಕೂ ಒಂದೇ ದಾಖಲೆ ಪುಸ್ತಕವಿರಲಿ. ಚಿಕಿತ್ಸೆಯ ದಿನಗಳಲ್ಲಿ ತಡೆಹಿಡಿದ ಹಾಲಿಗೆ ಸ್ವಲ್ಪವಾದರೂ ಪರಿಹಾರ, ಕೋಶ ಸಂಖ್ಯೆ ಇಳಿಸಿದವರಿಗೆ ಹೆಚ್ಚುವರಿ ಪ್ರೋತ್ಸಾಹಧನ ಕೊಡಿ. ಮೊದಲ ತಿಂಗಳುಗಳಲ್ಲಿ ಬಯಲಾಗುವ ರೋಗಕ್ಕೆ ಯಾರಿಗೂ ದಂಡ ಹಾಕಬೇಡಿ. ಹಾಕಿದರೆ ಮರುದಿನದಿಂದ ಯಾರೂ ಹಸುವನ್ನು ತೋರಿಸುವುದಿಲ್ಲ.

ಇನ್ನೊಂದು ಕೋರಿಕೆ. ತರಬೇತಿಗೆ ಕರೆ ಬರುವುದು ಸಂಘದ ಪುಸ್ತಕದಲ್ಲಿ ಹೆಸರಿರುವವರಿಗೆ; ಎಷ್ಟೋ ಮನೆಗಳಲ್ಲಿ ಆ ಹೆಸರು ಗಂಡಸಿನದು, ಹಾಲು ಕರೆಯುವ ಕೈ ಹೆಂಗಸಿನದು. ತಂಡದ ಸಭೆಗೆ ಕರೆಯುವ ಕೈಗಳೇ ಬರಬೇಕು. ಬೆಳಗಿನ ಕರಾವು, ಅಡುಗೆ ಮುಗಿದ ಮೇಲೆ, ಹನ್ನೊಂದರ ಹೊತ್ತಿಗೆ, ಊರೊಳಗೇ ಸಭೆ ಇಡಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಾಲು ಉತ್ಪಾದಕಿ, ತುಮಕೂರು ಜಿಲ್ಲೆ