ಅಂದು ಸಿಟ್ಟು ಮಾಡಿಕೊಂಡಿದ್ದೆ, ಟೀಚರೇ

ಮೊದಲ ಧನ್ಯವಾದ ನಮ್ಮೂರಿನ ಅಂಗನವಾಡಿ ಟೀಚರಿಗೆ. ಜೊತೆಗೇ ಕ್ಷಮೆಯನ್ನೂ ಕೇಳಬೇಕು. ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಹೆಸರು ಹಿಡಿದು ಕೂಗಿದರೆ ನಿಮ್ಮ ಮಗ ತಿರುಗುವುದಿಲ್ಲ. ಏನಾದರೂ ಬೇಕಿದ್ದರೆ ಬೆರಳು ತೋರಿಸುವುದಿಲ್ಲ, ನನ್ನ ಕೈ ಹಿಡಿದು ಎಳೆಯುತ್ತಾನೆ. ಒಮ್ಮೆ ಡಾಕ್ಟರಿಗೆ ತೋರಿಸಿ ಅಕ್ಕಾ" ಎಂದಿದ್ದರು. ಮೂರೂವರೆ ವರ್ಷದ ಕೂಸಿಗೆ ಹೀಗೆನ್ನುತ್ತಾರಲ್ಲ ಎಂದು ಮೈಮೇಲೆ ಬಂದವಳಂತೆ ಆಡಿದೆ. ನಾಲ್ಕು ತಿಂಗಳು ಅವನನ್ನು ಅಂಗನವಾಡಿಗೆ ಕಳಿಸಲೇ ಇಲ್ಲ.

ಮನೆಯಲ್ಲೂ ಕಾಣುತ್ತಿತ್ತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅವನು ಒಂದೊಂದೇ ಅಡಿಕೆ ಹೆಕ್ಕಿ ಜಗಲಿಯುದ್ದಕ್ಕೂ ಸಾಲಾಗಿ ಇಡುತ್ತಿದ್ದ. ನಡುವಿನ ಒಂದನ್ನು ಯಾರಾದರೂ ಸರಿಸಿದರೆ ಹೆಂಚು ಹಾರುವಂಥ ಅಳು. ಎಷ್ಟು ಅಚ್ಚುಕಟ್ಟು ಎಂದು ಫೋಟೊ ತೆಗೆದು ಅಣ್ಣನಿಗೆ ಕಳಿಸಿದವಳು ನಾನೇ. ಪೇಟೆಯ ಡಾಕ್ಟರೊಬ್ಬರು "ಗಂಡುಮಕ್ಕಳಿಗೆ ಮಾತು ತಡ, ಐದು ವರ್ಷ ಕಾಯಿರಿ" ಎಂದಾಗ ಅವರಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೆ. ನನಗೆ ಬೇಕಿದ್ದುದೂ ಆ ಮಾತೇ.

ಕೊನೆಗೆ ಹಟ ಹಿಡಿದು ನಮ್ಮನ್ನು ಸಾಗರದಲ್ಲಿ ಮೈಸೂರಿನ ರಾತ್ರಿ ರೈಲು ಹತ್ತಿಸಿದವರು ನಮ್ಮ ಅತ್ತೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮೊದಲು ಕಿವಿಯ ಪರೀಕ್ಷೆ. ತಲೆಗೆ ತಂತಿ ಅಂಟಿಸಿ ಮಾಡುವ ಆ ಪರೀಕ್ಷೆಗೆ ಮಗು ನಿದ್ದೆ ಮಾಡಬೇಕು. ನಮ್ಮವನೋ ರೈಲಿನಲ್ಲಿ ರಾತ್ರಿಯಿಡೀ ಗೊರಕೆ ಹೊಡೆದು ಬಂದಿದ್ದ! ಮರುದಿನ ಬನ್ನಿ ಎಂದರು. ಬೆಳಗಿನ ನಾಲ್ಕಕ್ಕೇ ಎಬ್ಬಿಸಿ, ಲಾಡ್ಜಿನ ಮೆಟ್ಟಿಲು ಹತ್ತಿಸಿ ಇಳಿಸಿ, ನಾವಿಬ್ಬರೂ ಸುಸ್ತಾದ ಮೇಲೆ ಅವನೂ ಮಲಗಿದ. ಕಿವಿ ಚೆನ್ನಾಗಿದೆ ಎಂದರು. ನನಗೆ ಸಂತೋಷವಾಗಲಿಲ್ಲ. ಕಿವಿಯದಾಗಿದ್ದರೆ ಮಿಷನ್ ಹಾಕಿಸಬಹುದಿತ್ತಲ್ಲ ಎಂದುಕೊಂಡೆ.

ಆಮೇಲೆ ಐಎಸ್‌ಎಎ ಎಂಬ, ಆಟಿಸಂ (ಸ್ವಲೀನತೆ) ಇದೆಯೇ ಎಂದು ಅಳೆಯುವ 40 ಅಂಶಗಳ ಪಟ್ಟಿ. ಕಣ್ಣಿಗೆ ಕಣ್ಣಿಟ್ಟು ನೋಡುತ್ತಾನೆಯೇ, ಕೇಳಿದ್ದನ್ನೇ ತಿರುಗಿ ಹೇಳುತ್ತಾನೆಯೇ ಎಂದು ಅವರು ಒಂದೊಂದೇ ಕೇಳುತ್ತಿದ್ದರೆ ನನ್ನ ಕಿವಿಯಲ್ಲಿ ಟೀಚರ್ ದನಿ. ಅಂಕ 70 ಮುಟ್ಟಿದರೆ ಆಟಿಸಂ, ಇವನದು 98. ಅಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಥೆರಪಿಸ್ಟ್ ನಾನು ಬಾಯಿ ತೆರೆಯುವ ಮೊದಲೇ, "ನೀವು ಮೊಬೈಲ್ ಕೊಟ್ಟಿದ್ದರಿಂದ ಆದದ್ದಲ್ಲ. ಅವನ ಮಿದುಳು ಬೆಳೆದಿರುವ ರೀತಿಯೇ ಹೀಗೆ" ಎಂದರು. ಆ ಹೆಣ್ಣುಮಗಳು ತಣ್ಣಗಿರಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಇದೆ ಎಂದು ತಿಳಿಸಿ, ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ತುಂಬಿಕೊಟ್ಟ ನಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಋಣಿ. ಇನ್ನು ನಮ್ಮ ಅತ್ತೆ: ಮಿಕ್ಸಿ ಸದ್ದಿಗೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆಂದು ಮಂಡಿನೋವಿನಲ್ಲೂ ಒರಳಿನ ಮುಂದೆ ಕೂತು ಚಟ್ನಿ ರುಬ್ಬುತ್ತಾರೆ. ಬೇಡವೆಂದರೆ, "ಒರಳಿನ ಚಟ್ನಿಗೇ ರುಚಿ" ಎನ್ನುತ್ತಾರೆ. ಇಷ್ಟು ವರ್ಷ ಈ ರುಚಿ ಎಲ್ಲಿತ್ತೋ!

ಮೊನ್ನೆ ರಿಪೋರ್ಟ್ ಹಿಡಿದು ಅಂಗನವಾಡಿಗೆ ಹೋದೆ. ನಾನು ಆಗಲೇ ಹೇಳಲಿಲ್ಲವೇ ಎಂದು ಟೀಚರ್ ಅನ್ನಲಿಲ್ಲ. ಅವನಿಗೆ ಯಾವ ಸದ್ದು ಆಗದು ಎಂದಷ್ಟೇ ಕೇಳಿದರು. ಕುಕ್ಕರ್ ಕೂಗುವ ಹೊತ್ತಿಗೆ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತಾರಂತೆ.

ಸೋಮವಾರ ಬರುತ್ತೇವೆ ಟೀಚರೇ. ಅವನ ನೀಲಿ ಲೋಟವನ್ನೂ ತರುತ್ತೇನೆ, ಬೇರೆಯದರಲ್ಲಿ ಅವನು ನೀರು ಕುಡಿಯುವುದಿಲ್ಲ.