ಈ ಮುಖ ಅಂದರೆ ಯಾವ ಮುಖ?

ಸೋಮವಾರಪೇಟೆ

ಪುಟ್ಟಿ,

ಉಳಿದ ಸಮಾಚಾರವೆಲ್ಲ ಸರಿ. ಕೊನೆಗೆ, "ಈ ಮುಖ ಇಟ್ಕೊಂಡು ಮಂಟಪದಲ್ಲಿ ಹೇಗೆ ಕೂರಲಿ ದೊಡ್ಡಮ್ಮ, ಪಾರ್ಲರಿನಲ್ಲಿ ಗಟ್ಟಿ ಪೀಲ್ ಮಾಡ್ತಾರಂತೆ, ಒಂದೇ ಸಲಕ್ಕೆ ಕಲೆ ಹೋಗುತ್ತಂತೆ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ಮನಸ್ಸು ನೆಟ್ಟಗಿಲ್ಲ. ಮೊಡವೆ ಹೋದ ಜಾಗದಲ್ಲಿ ನಾಲ್ಕು ಕಲೆ, ಅಷ್ಟೇ ಅಲ್ವಾ?

ಆಸಿಡ್ ಹಚ್ಚಿ ಮುಖದ ಮೇಲಿನ ಚರ್ಮ ಸುಲಿಸೋ ಈ ಪೀಲ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಗ್ಲೈಕೋಲಿಕ್ ಆಸಿಡ್ಡೋ ಸ್ಯಾಲಿಸಿಲಿಕ್ ಆಸಿಡ್ಡೋ ಡಾಕ್ಟರು ಹದ ನೋಡಿ ಹಚ್ಚಿದರೆ ಮೇಲಿನ ತೆಳು ಪದರ ಕೆಲವು ದಿನ ಹೊಟ್ಟಿನ ಹಾಗೆ ಉದುರುತ್ತದೆ. ಕಲೆ ನಿಧಾನಕ್ಕೆ ತಿಳಿಯಾಗುತ್ತದೆ, ಅದೂ ಕೆಲವು ವಾರ ಬಿಟ್ಟು ಬಿಟ್ಟು ಹಲವು ಸಲ ಮಾಡಿಸಿದರೆ. ಆಳಕ್ಕೆ ಇಳಿಯುವ ಪೀಲ್ ಬೇರೆಯೇ. ನಮ್ಮಂಥ ಬಣ್ಣದ ಚರ್ಮ ಸುಟ್ಟರೆ ವಾಸಿಯಾಗುವಾಗ ಅಲ್ಲೇ ಕಪ್ಪು ಕಟ್ಟುತ್ತದೆ, ತಿಂಗಳುಗಟ್ಟಲೆ ಹೋಗಲ್ಲ. ಆಳದ ಪೀಲಿಗೆ ಬಳಸೋ ಫಿನಾಲ್ ಅನ್ನೋ ರಾಸಾಯನಿಕ ಹಚ್ಚುವುದಾದರೆ ಹೃದಯದ ಬಡಿತವನ್ನೇ ಮಾನಿಟರಿನಲ್ಲಿ ನೋಡ್ತಾ ಇರಬೇಕು. ಪಾರ್ಲರ್ ಕುರ್ಚಿಯಲ್ಲಿ ಮಾಡೋ ಕೆಲಸವಾ ಅದು?

ಈ ಮುಖ ಅಂತೀಯಲ್ಲ. ನಿನ್ನ ಅಣ್ಣ ಹೊಟ್ಟೆಯಲ್ಲಿದ್ದಾಗ ನನಗೆ ಎರಡೂ ಕೆನ್ನೆಗೆ ಬಂಗು ಬಂತು. ಕಣದಲ್ಲಿ ಕಾಫಿ ಹರವಿ, ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು, ಕಾಲಿನಿಂದ ಗೀರಿ ಗೀರಿ ತಿರುವುತ್ತಿದ್ದೆ, ಬಿಸಿಲಿಗೆ ಅದು ಇನ್ನೂ ಜಾಸ್ತಿಯಾಯಿತು. ಅವನ ನಾಮಕರಣದ ಫೋಟೋ ಒಂದರಲ್ಲೂ ನಾನಿಲ್ಲ, ನೋಡಿದ್ದೀಯಾ? ಕರೆದಾಗೆಲ್ಲ ಒಲೆ ಮೇಲೆ ಪಾಯಸ ಇದೆ ಅಂದೆ. ನಿನ್ನಜ್ಜಿ ಒಬ್ಬಳೇ ಮಗು ಎತ್ತಿಕೊಂಡು ನಿಂತಿದ್ದಾಳೆ. ಮುಂದಿನ ಮಳೆಗಾಲಕ್ಕೆ ಅವಳಿರಲಿಲ್ಲ. ಬಂಗು ಇವತ್ತಿಗೂ ಒಂದಿಷ್ಟು ಇದೆ, ಯಾರೂ ಏನೂ ಕೇಳಿಲ್ಲ.

ಮಾಡಿಸಲೇಬೇಕು ಅಂದರೆ ಚರ್ಮದ ಡಾಕ್ಟರ ಹತ್ತಿರವೇ ಹೋಗು. ಮಡಿಕೇರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲೂ ತೋರಿಸಬಹುದು, ನಾನೂ ಜೊತೆಗೆ ಬರ್ತೀನಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದ್ದು, ತುಟಿ ಹತ್ತಿರ ಆಗಾಗ ನೀರುಗುಳ್ಳೆ ಏಳೋದು, ಎರಡನ್ನೂ ಮರೆಯದೆ ಹೇಳು. ಆಮೇಲೆ ಎಸ್‌ಪಿಎಫ್ 30ಕ್ಕೆ ಕಮ್ಮಿ ಇಲ್ಲದ ಸನ್‌ಸ್ಕ್ರೀನ್, ಮೋಡ ಇದ್ದರೂ ಸರಿ. ನಿನಗೆ ಇದೆಲ್ಲ ಗೊತ್ತಿರುತ್ತೆ, ಸುಮ್ನೆ ಬರೀತಿದ್ದೀನಿ. ಮದುವೆ ಹತ್ತಿರ ಬಂದ ಮೇಲೆ ಮಾತ್ರ ಹೊಸದೇನೂ ಹಚ್ಚಿಸಬೇಡ.

ಇನ್ನೊಂದು ಕೇಳಲಾ? ಕನ್ನಡಿ ನೋಡಿ ಬಂದ ಮಾತಾ ಇದು, ಇಲ್ಲಾ ಹುಡುಗನ ಮನೆಯವರು ಯಾರಾದರೂ ಏನಾದರೂ ಅಂದರಾ? ಅಂದಿದ್ದರೆ ಮುಚ್ಚಿಡಬೇಡ, ನಿನ್ನ ಅಮ್ಮನಿಗೆ ಹೇಳೋಕೆ ಮುಂಚೆ ನನಗೆ ಫೋನ್ ಮಾಡು.

ನಿನ್ನ ದೊಡ್ಡಮ್ಮ